ಶಶವಿಷಾಣಯಾತ್ರಾ ಮೀಮಾಂಸೆ

ಮೊಲಕ್ಕೆ ಕೊಂಬಿಲ್ಲ ಎಂಬಲ್ಲಿ ನಮ್ಮ ತಾರ್ಕಿಕರೆಲ್ಲ ಒಮ್ಮತದವರು. ಆದರೆ ಆ ಕೊಂಬಿನ ದರ್ಶನಕ್ಕೆ ಟಿಕೆಟ್ಟಿಟ್ಟರೆ ಜನ ಸರದಿ ನಿಲ್ಲುವರೋ ಇಲ್ಲವೋ ಎಂಬ ಪ್ರಶ್ನೆಯನ್ನು ಅವರು ಕೈಬಿಟ್ಟಿದ್ದಾರೆ. ಆ ಕೊರತೆ ತುಂಬಲೆಂದೇ ಮಗನ ದುಡ್ಡಿನಲ್ಲಿ, ಸಪತ್ನೀಕನಾಗಿ, ಯುರೋಪಿನಲ್ಲಿ ನಡೆಸಿದ ಕ್ಷೇತ್ರಕಾರ್ಯದ ಫಲ ಈ ಪ್ರಬಂಧ.

ಪೂರ್ವಪಕ್ಷ ಹೀಗಿದೆ: ಮೊದಲು ಸ್ಥಳ, ಸ್ಥಳದಿಂದ ಸ್ಫೂರ್ತಿ, ಸ್ಫೂರ್ತಿಯಿಂದ ಕಥೆ, ಬೀಜದಿಂದ ಮರವಾದಂತೆ. ಇದು ತಪ್ಪು. ಇಟಲಿಯ ವೆರೋನಾದಲ್ಲಿ ಮರ ಮೊದಲು ಬೆಳೆಯಿತು, ಬೀಜವನ್ನು ಆಮೇಲೆ ತಂದು ಹೂತರು.

ಅಲ್ಲಿನ ವಿಯಾ ಕಪೆಲ್ಲೋ ಬೀದಿಯ 23ನೇ ನಂಬರಿನದು ಜೂಲಿಯೆಟ್ಟಳ ಮನೆಯಂತೆ. ಆಧಾರ? ಆ ಮನೆಯವರು ಕಪೆಲ್ಲೋ, ನಾಟಕದವರು ಕ್ಯಾಪ್ಯುಲೆಟ್. ಈ ನ್ಯಾಯದಲ್ಲಿ ದುಷ್ಯಂತನೆಂಬ ಹೆಸರಿನ ಯಾವ ದರ್ಜಿಯ ಅಂಗಡಿ ಜಾಲಾಡಿದರೂ ಶಕುಂತಲೆಯ ಉಂಗುರ ಸಿಗಬೇಕು. ಪ್ರೇಮಿಗಳು ಕತ್ತೆತ್ತಿ ನಿಟ್ಟುಸಿರಿಡುವ ಬಾಲ್ಕನಿಯನ್ನು ಗೋಡೆಗೆ ಕೂರಿಸಿದ್ದು 1930ರ ದಶಕದಲ್ಲಿ. ಶೇಕ್ಸ್‌ಪಿಯರನ ನಾಟಕದಲ್ಲಾದರೋ ಬಾಲ್ಕನಿ ಎಂಬ ಪದವೇ ಇಲ್ಲ. ಕೆಳಗೆ ನಿಂತ ಕಂಚಿನ ಹುಡುಗಿಯ ಬಲ ಎದೆ ಮುಟ್ಟಿದರೆ ಪ್ರೇಮ ಕೈಗೂಡುವುದೆಂದು ನಂಬಿಕೆ. 1972ರಿಂದ ಅಲ್ಲಿದ್ದ ಮೂಲ ಪ್ರತಿಮೆ ಮುಟ್ಟಿಸಿಕೊಂಡೇ ಸವೆದು, 2014ರಲ್ಲಿ ನಕಲು ಬಂತು. ಇಲ್ಲದವಳದೊಂದು ಪ್ರತಿಮೆ, ಆ ಪ್ರತಿಮೆಯದೊಂದು ನಕಲು. ಸವೆತವೊಂದೇ ಅಲ್ಲಿ ಪಾರಮಾರ್ಥಿಕ ಸತ್ಯ.

ಇಷ್ಟನ್ನೂ ಅಂಗಳದಲ್ಲೇ ಹೆಂಡತಿಗೆ ವಿಸ್ತರಿಸಿದೆ. "ಗೊತ್ತಾಯ್ತು ರೀ, ಸ್ವಲ್ಪ ಎಡಕ್ಕೆ ಸರೀರಿ, ಬಾಲ್ಕನಿ ಮರೆಯಾಗ್ತಿದೆ," ಎಂದಳು. ಸರಿದೆ. ಆ ನೂಕುನುಗ್ಗಲಲ್ಲೇ ನನ್ನ ಕೊಡೆ ಕಾಣೆಯಾದದ್ದು.

ಲಂಡನ್ನಿನ ಪ್ರಕರಣ ಇನ್ನೂ ಸೂಕ್ಷ್ಮ. ಕಾನನ್ ಡಾಯ್ಲ್ ತನ್ನ ಪತ್ತೇದಾರ ಷರ್ಲಾಕ್ ಹೋಮ್ಸನಿಗೆ 221ಬಿ ಬೇಕರ್ ಸ್ಟ್ರೀಟಿನಲ್ಲಿ ಮನೆ ಮಾಡಿಕೊಟ್ಟಾಗ ಆ ಬೀದಿಯ ನಂಬರು ಅಷ್ಟು ದೂರ ಹೋಗಿರಲೇ ಇಲ್ಲ. 1930ರ ದಶಕದಲ್ಲಿ ಆ ವಿಳಾಸ ಮುಂದೆ ಅಬಿ ನ್ಯಾಷನಲ್ ಎನಿಸಿದ ಗೃಹಸಾಲ ಸಂಸ್ಥೆಯ ತಲೆಗೆ ಬಂತು. ಹೋಮ್ಸನ ಹೆಸರಿಗೆ ಬರುವ ಕಾಗದಗಳಿಗೆ ಉತ್ತರ ಬರೆಯಲು ಅದು ಒಬ್ಬ ಕಾರ್ಯದರ್ಶಿಯನ್ನೇ ಇಟ್ಟಿತು. (ನಾನು ಬದುಕಿದ್ದೇನೆ, ನನ್ನ ಬ್ಯಾಂಕು ಒಂದು ಕಾಗದಕ್ಕೂ ಉತ್ತರಿಸಿಲ್ಲ.) ಈಗ 221ಬಿ ಫಲಕ ಹೊತ್ತ ಮ್ಯೂಸಿಯಂ ನಿಂತಿರುವುದು 237 ಮತ್ತು 241ರ ನಡುವೆ. ಭಕ್ತಿಯ ಮುಂದೆ ಅಂಕಗಣಿತ ಎಷ್ಟರದು!

ಸ್ವಿಟ್ಜರ್ಲೆಂಡಿನ ರೈಕನ್‌ಬಾಖ್ ಜಲಪಾತದ ಬಳಿ, 1891ರ ಮೇ 4ರಂದು ಹೋಮ್ಸನು ತನ್ನ ಶತ್ರು ಮೊರಿಯಾರ್ಟಿಯನ್ನು ಗೆದ್ದನೆಂದು ಫಲಕವಿದೆ. ನನ್ನ ಮುತ್ತಜ್ಜ ಹುಟ್ಟಿದ ತಾರೀಕು ನಮ್ಮ ಮನೆಯಲ್ಲಿ ಯಾರಿಗೂ ಗೊತ್ತಿಲ್ಲ.

ಭಾಟ್ಟ ಮೀಮಾಂಸಕರು ಅನುಪಲಬ್ಧಿಯನ್ನು ಆರನೆಯ ಪ್ರಮಾಣವೆಂದರು: ಮಡಕೆ ಕಾಣದಿದ್ದರೆ ಮಡಕೆ ಇಲ್ಲ. ಪ್ರವಾಸಿಗೆ ಇದು ಅನ್ವಯಿಸದು. ಕಾಣದಿದ್ದರೆ ಅವನು ಇನ್ನೊಂದು ಸುತ್ತು ಹಾಕುತ್ತಾನೆ. ಇದನ್ನು ಪರದೇಶದ ಮರುಳೆಂದು ನಗುವವರು ಶಿವಮೊಗ್ಗದ ಹತ್ತಿರದ ಅರಸಾಳಿಗೆ ಹೋಗಿಬರಲಿ. ಮಾಲ್ಗುಡಿ ಆರ್.ಕೆ. ನಾರಾಯಣ್ ಕಲ್ಪಿಸಿದ ಊರು, ಅರಸಾಳು ಅದಕ್ಕಾಗಿ ಶಂಕರ್ ನಾಗ್ ಚಿತ್ರೀಕರಿಸಿದ ರೈಲು ನಿಲ್ದಾಣ. ಈಗ ಅಲ್ಲೇ ಮಾಲ್ಗುಡಿ ಮ್ಯೂಸಿಯಂ. ಆ ಕಥೆಗಳ ಹುಡುಗ ಸ್ವಾಮಿ ಯಾವ ಬೆಂಚಿನ ಮೇಲೆ ಕೂತಿದ್ದಾನೆಂದು ಈ ಸಂಶೋಧಕನೂ ಪ್ಲಾಟ್‌ಫಾರಂ ಉದ್ದಕ್ಕೂ ಹುಡುಕಿದ್ದುಂಟು. ಇಲ್ಲದವರ ಮನೆಗೆ ಹೋಗುವುದರಲ್ಲಿ ಒಂದು ಸುಖ: ಬಾಗಿಲಿಗೆ ಬೀಗ ಹಾಕಿದೆಯೆಂದು ಬೇಜಾರಾಗಿ ಹಿಂತಿರುಗುವಂತಿಲ್ಲ.

ಕೊಡೆಯ ಬಣ್ಣ, ಹಿಡಿಯ ಆಕಾರ, ಕಾಣೆಯಾದ ಹೊತ್ತು ಎಲ್ಲವನ್ನೂ ಬರೆದು 221ಬಿಗೆ ಅಂಚೆಗೆ ಹಾಕಿದ್ದೇನೆ. ಸದ್ಯಕ್ಕೆ ಇದು ಪೂರ್ವಮೀಮಾಂಸೆ. ಉತ್ತರಮೀಮಾಂಸೆ, ಉತ್ತರ ಬಂದ ಮೇಲೆ.