ಟೇಲರ್‌ಬಾಯಿಯ ಗಂಡ

ನಮ್ಮ ಮನೆಯಲ್ಲೊಂದು ಉದ್ಯಮವಿದೆ. ಅದರ ಮಾಲೀಕಳು, ಕೂಲಿಯಾಳು, ಖಜಾಂಚಿ, ಜವಾನ ಎಲ್ಲವೂ ನನ್ನ ಹೆಂಡತಿಯೇ. ಜಂಪರ್ ಹೊಲಿಯುವುದು, ಸೀರೆಗೆ ಫಾಲ್ ಹಚ್ಚುವುದು, ಕೂಸುಗಳಿಗೆ ಕುಂಚಿಗೆ, ಬೇಸಿಗೆ ಬಂತೆಂದರೆ ಕೌದಿ. ಕಾಗದಪತ್ರದಲ್ಲಿ ಇದಕ್ಕೆ ಏಕವ್ಯಕ್ತಿ ಉದ್ಯಮ ಎನ್ನುತ್ತಾರೆ. ಹಾಗೆಂದವರು ಒಂದು ದಿನ ಹಳಿಯಾಳಕ್ಕೆ ಬಂದು, ಮುಂಜಾನೆ ಹನ್ನೊಂದರ ಸುಮಾರಿಗೆ ನಮ್ಮ ಪಡಸಾಲೆಯಲ್ಲಿ ಇಣುಕಿ ನೋಡಬೇಕು. ಅಷ್ಟು ಹೆಂಗಸರ ನಡುವೆ ಆ ಏಕವ್ಯಕ್ತಿ ಯಾರೆಂದು ಪತ್ತೆ ಹಚ್ಚುವುದು ಸಿಐಡಿಯವರಿಂದಲೂ ಆಗದು. ನನ್ನ ಪತ್ತೆ ಮಾತ್ರ ಸುಲಭ. ಹೊಸ್ತಿಲ ಹೊರಗೆ, ಚಪ್ಪಲಿ ರಾಶಿಯ ಪಕ್ಕದಲ್ಲಿ, ಪೇಪರ್ ಹಿಡಿದು ನಿಂತೇ ಓದುತ್ತಿರುವ ಮನುಷ್ಯ ನಾನು.

ಸರಕಾರಿ ಕಚೇರಿಯೊಂದರಲ್ಲಿ ಗುಮಾಸ್ತಿಕೆ ಮಾಡಿ ನಿವೃತ್ತನಾದವನು. ಆಗೆಲ್ಲ ಪೇಟೆಯಲ್ಲಿ ಹೊರಟರೆ "ನಮಸ್ಕಾರ್ರೀ ಸಾಹೇಬ್ರ" ಎನ್ನುವವರಿದ್ದರು. ಈಗ "ಯಾರವ್ರು?" ಎಂದು ಒಬ್ಬರು ಕೇಳಿದರೆ "ಅವ್ರಾ, ನಮ್ಮ ಟೇಲರ್‌ಬಾಯಿ ಗಂಡ ಅಲ್ಲೇನ" ಎಂದು ಇನ್ನೊಬ್ಬರು ಹೇಳುತ್ತಾರೆ. ಗ್ಯಾಸ್ ತರುವ ಹುಡುಗನಿಗೆ ನನ್ನ ಹೆಸರು ಹೇಳಿದರೆ ಓಣಿ ತಪ್ಪುತ್ತಾನೆ. ಟೇಲರ್‌ಬಾಯಿ ಮನೆ ಎಂದರೆ ಸಿಲಿಂಡರನ್ನು ಅಡುಗೆಮನೆಗೇ ತಂದಿಟ್ಟು, ತನ್ನ ಅಂಗಿಯ ಗುಂಡಿಯನ್ನೂ ಹಚ್ಚಿಸಿಕೊಂಡು ಹೋಗುತ್ತಾನೆ. ಸರ್ವಿಸಿನುದ್ದಕ್ಕೂ ನಾನು ಜನರಿಗೆ "ನಾಳೆ ಬರ್ರಿ" ಅಂದೆ. ಅವರು ಮರುದಿನ ಬಂದರು, ಮನಸ್ಸಿನಲ್ಲೇ ಶಾಪ ಹಾಕಿ ಹೋದರು. ಹೆಂಡತಿಯೂ ದಿನಾ ಎಷ್ಟೋ ಮಂದಿಗೆ ಅದೇ "ನಾಳೆ ಬರ್ರಿ" ಹೇಳುತ್ತಾಳೆ. ಅವರು ಮರುದಿನ ಬರುವಾಗ ಹಿತ್ತಲ ನುಗ್ಗೆಕಾಯಿ ತಂದುಕೊಡುತ್ತಾರೆ. ಸರಕಾರ ನನಗೆ ಪಿಂಚಣಿ ಕೊಡುತ್ತದೆ, ನಿಜ. ನುಗ್ಗೆಕಾಯಿಯನ್ನು ಯಾರೂ ಕೊಟ್ಟಿರಲಿಲ್ಲ.

ಇದೆಲ್ಲ ಶುರುವಾದದ್ದು ತರಬೇತಿಯಿಂದ. 1982ರಲ್ಲಿ ಉಜಿರೆಯಲ್ಲಿ ಡಾ. ವೀರೇಂದ್ರ ಹೆಗ್ಗಡೆಯವರ ಮುಂದಾಳತ್ವದಲ್ಲಿ ಸಿಂಡಿಕೇಟ್ ಬ್ಯಾಂಕು, ಕೆನರಾ ಬ್ಯಾಂಕು ಜೊತೆಗೂಡಿ ರುಡ್‌ಸೆಟಿ ಎಂಬ ಸ್ವಉದ್ಯೋಗ ತರಬೇತಿ ಸಂಸ್ಥೆ ತೆರೆದರಲ್ಲ, ಅದೇ ಮಾದರಿ ಮುಂದೆ ದೇಶಕ್ಕೆಲ್ಲ ಹಬ್ಬಿತು. ನಮ್ಮ ಹಳಿಯಾಳದಲ್ಲೂ ಕೆನರಾ ಬ್ಯಾಂಕ್ ದೇಶಪಾಂಡೆ ಆರ್‌ಸೆಟಿ ಇದೆ. ಊಟ, ವಸತಿ, ಕಲಿಕೆ ಎಲ್ಲ ಉಚಿತ. ಹೆಂಡತಿ ಹೊಲಿಗೆ ತರಬೇತಿಗೆ ಹೋದಳು. ಅಲ್ಲಿ ಆಕೆಗೆ ಹೊತ್ತುಹೊತ್ತಿಗೆ ಊಟ ಸಿಗುತ್ತಿತ್ತು. ಮನೆಯಲ್ಲಿ ನಾನು ಉಪ್ಪಿಟ್ಟು ಮಾಡುತ್ತಿದ್ದೆ, ತಿನ್ನುತ್ತಲೂ ಇದ್ದೆ. ದೇಶದ ಸ್ವಉದ್ಯೋಗ ಚಳವಳಿಗೆ ನನ್ನ ಕೊಡುಗೆ ಏನೆಂದು ಯಾರಾದರೂ ಕೇಳಿದರೆ ಆ ಉಪ್ಪಿಟ್ಟನ್ನು ತೋರಿಸಬಲ್ಲೆ. ಅದು ತಳಕ್ಕೆ ಹತ್ತಿದ ಪಾತ್ರೆ ಇನ್ನೂ ಇದೆ.

ಮಗ ಬೆಂಗಳೂರಿನಲ್ಲಿದ್ದಾನೆ. ಹಬ್ಬಕ್ಕೆ ಬಂದಾಗಲೆಲ್ಲ ನಮಗೆ ವ್ಯಾಪಾರ ಕಲಿಸುತ್ತಾನೆ. "ಅಪ್ಪಾ, ಈಗಿನ ಕಾಲದಾಗ ಗಿರಾಕಿ ಇದ್ರ ಸಾಲಂಗಿಲ್ಲ, ಕಮ್ಯುನಿಟಿ ಬೇಕು" ಎಂದ. ಅಮೆರಿಕದ ಕೆವಿನ್ ಕೆಲ್ಲಿ ಎಂಬ ಲೇಖಕ 2008ರಲ್ಲಿ ಬರೆದಿದ್ದಾನಂತೆ: ಒಬ್ಬನೇ ಕೂತು ದುಡಿಯುವ ಕಲಾವಿದನಿಗೆ ಲಕ್ಷಾಂತರ ಜನ ಬೇಕಿಲ್ಲ, ಏನು ಮಾಡಿದರೂ ಕೊಳ್ಳುವ ಸಾವಿರ ನಿಜವಾದ ಅಭಿಮಾನಿಗಳಿದ್ದರೆ ಹೊಟ್ಟೆಪಾಡು ನಡೆಯುತ್ತದೆ. ಹೆಂಡತಿ ಮಷೀನು ನಿಲ್ಲಿಸದೆ ಕೇಳಿದಳು, "ಸಾವಿರ ಮಂದೀನ ಕುಂದರಸೂದೆಲ್ಲಿ? ಮನ್ಯಾಗಿರೂದು ನಾಕ ಕುರ್ಚಿ." ಕೆಲ್ಲಿ ಸಾಹೇಬರ ಲೇಖನದಲ್ಲಿ ಕುರ್ಚಿಯ ಪ್ರಸ್ತಾಪ ಇರಲಿಲ್ಲವಾಗಿ ಮಗ ಸುಮ್ಮನಾದ.

ನಾನು ಸುಮ್ಮನಾಗುವ ಜಾತಿಯಲ್ಲ. ಫೈಲು ಕಟ್ಟಿ ಬೆಳೆದ ಕೈ ಇದು. ಕಾರ್ಡು ತಯಾರಿಸಿದೆ. ಅಡ್ಡಗೆರೆ, ಉದ್ದಗೆರೆ, ಕ್ರಮಸಂಖ್ಯೆ, ಷರಾ ಎಂಬ ಕಾಲಂ, ಕೆಳಗೆ ನನ್ನ ಸಹಿ. ಹತ್ತು ಜಂಪರ್ ಹೊಲಿಸಿದವರಿಗೆ ಒಂದು ಫಾಲ್ ಪುಕ್ಕಟೆ. ಮೊದಲ ಕಾರ್ಡನ್ನು ಮೂಲೆಮನೆಯ ಆಯಿಗೆ ಗೌರವಪೂರ್ವಕ ಕೊಟ್ಟೆ. ಆಯಿ ಅದನ್ನು ಹಿಂದೆಮುಂದೆ ತಿರುವಿ ನೋಡಿ ಕೇಳಿದಳು: "ಇದಕ್ಕ ಅಕ್ಕಿ ಎಷ್ಟ ಕಿಲೋ ಕೊಡ್ತಾರೋ ತಮ್ಮಾ?"

ನನ್ನ ಕಾರ್ಡಿಗೆ ಕೂಡದ ಜನ ಕೌದಿಗೆ ಕೂಡಿದರು. ಬಯಲುಸೀಮೆಗೂ ಮಲೆನಾಡಿಗೂ ನಡುವೆ ಇರುವ ನಮ್ಮ ಊರಿಗೆ ಕೌದಿಯ ಅರ್ಥ ಬಿಡಿಸಿ ಹೇಳಬೇಕಿಲ್ಲ. ಹಳೇ ಸೀರೆಗಳನ್ನು ಒಂದರ ಮೇಲೊಂದು ಹಾಸಿ, ಮೇಲೆ ಬಣ್ಣಬಣ್ಣದ ತುಂಡು ಜೋಡಿಸಿ, ಅಂಚಿನಿಂದ ಹಿಡಿದು ಸುತ್ತು ಹಾಕುತ್ತ ಕೈಯಲ್ಲೇ ಹೊಲಿಯುತ್ತ ನಡುಮಧ್ಯಕ್ಕೆ ಬರಬೇಕು. ಮಷೀನಿನ ಕೆಲಸವಲ್ಲ, ಒಬ್ಬರ ಕೆಲಸವೂ ಅಲ್ಲ. ಹೆಂಡತಿ ಪಡಸಾಲೆಯಲ್ಲಿ ಒಂದು ಕೌದಿ ಹಾಸಿಯೇ ಇಟ್ಟಿರುತ್ತಾಳೆ. ಜಂಪರ್ ಇಸಿದುಕೊಳ್ಳಲು ಬಂದವರಿಗೆ "ಬರ್ರಿ ವೈನಿ, ಹುಕ್ಕ ಹಚ್ಚೂದೊಂದ ಉಳದೈತಿ, ಅಲ್ಲೀತನಕ ನಾಕ ಹೊಲಿಗಿ ಹಾಕ್ರಿ" ಎಂದು ಸೂಜಿ ಕೈಗೆ ಕೊಡುತ್ತಾಳೆ. ಅಂದರೆ ಗಿರಾಕಿ ದುಡ್ಡೂ ಕೊಡಬೇಕು, ದುಡಿಯಲೂ ಬೇಕು. ಇಂಥ ನಿಯಮವನ್ನು ನಮ್ಮ ಕಚೇರಿ ತಂದಿದ್ದರೆ ತಾಲ್ಲೂಕೇ ಬಂದ್ ಆಗುತ್ತಿತ್ತು. ಇಲ್ಲಿ ನಾಲ್ಕು ಹೊಲಿಗೆ ಹಾಕಿದವರು ಐದನೆಯದು ಹೇಗೆ ಬಂತೆಂದು ನೋಡಲು ಮರುದಿನ ಬರುತ್ತಾರೆ.

ಹತ್ತಿರ ಕೂತು ನೋಡಿದರೆ ಕೌದಿಯ ಮೇಲೆ ಓಣಿಯವರ ಹಾಜರಿ ಪುಸ್ತಕವೇ ಕಾಣುತ್ತದೆ. ಆಯಿಯದು ಸಣ್ಣ ಒತ್ತು ಹೊಲಿಗೆ, ಕಣ್ಣು ಮಂಜಾದರೂ ಸಾಲು ಡೊಂಕಾಗುವುದಿಲ್ಲ. ಶಾಲೆಯ ಬಾಯಿಯವರದು ಸ್ಕೇಲಿಟ್ಟು ಎಳೆದ ಹೊಲಿಗೆ. ಹಾಲು ಹಾಕುವ ಗೌಳಿ ಮಾವಶಿಗೆ ಎಮ್ಮೆಯ ಚಿಂತೆ, ಆಕೆಯ ದಾರ ದೊಡ್ಡ ದೊಡ್ಡ ಹೆಜ್ಜೆ ಹಾಕಿ ಮನೆಗೆ ಓಡುತ್ತದೆ. ಕಾಲೇಜು ಹುಡುಗಿಯದು ಎಲ್ಲೋ ಹೊರಟು ಎಲ್ಲೋ ಮುಟ್ಟುತ್ತದೆ. ಆಯಿ ಅದನ್ನು ಬಿಚ್ಚಿಸಿ "ಯಾರ ವಿಚಾರ ಮಾಡಾಕತ್ತಿದ್ದಿ?" ಎಂದು ಕೇಳಿದಾಗ ಹುಡುಗಿ ಕೆಂಪಾದದ್ದನ್ನು ನಾನು ಹೊಸ್ತಿಲಾಚೆಯಿಂದ ಕಂಡೆ. ನಡುವಿನ ಕೊನೇ ಗೇಣು ಮುಚ್ಚುವ ಮುನ್ನ ಕೌದಿಯ ಹೊಟ್ಟೆ ಬರಿದಿರಬಾರದೆಂದು ಆಯಿ ರೊಟ್ಟಿಯ ಚೂರೊಂದನ್ನು ಒಳಗಿಡುತ್ತಾಳೆ. ಮನೆಯಲ್ಲಿ ಹೊಟ್ಟೆ ಬರಿದಿರುವ ಇನ್ನೊಬ್ಬರಿದ್ದಾರೆಂದು ಆ ಹೊತ್ತಿಗೆ ಯಾರಿಗೂ ನೆನಪಿರುವುದಿಲ್ಲ.

ಕೌದಿ ವಿದ್ಯೆಯಲ್ಲಿ ನಮ್ಮ ಭಾಗದ ನಿಜವಾದ ಗುರುಗಳೆಂದರೆ ಸಿದ್ದಿ ಹೆಂಗಸರು. ಶತಮಾನಗಳ ಹಿಂದೆ ಆಫ್ರಿಕಾದಿಂದ ಬಂದವರ ಸಂತತಿ, ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಂಚಿನಲ್ಲಿ ನೆಲೆ ನಿಂತವರು. ಅವರ ಕೌದಿಯ ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಮುಕ್ಕೋನದ ಫೂಲ ಇರಲೇಬೇಕು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಹೆನ್ರಿ ಡ್ರೂವಲ್ ಎಂಬ ಪ್ರೊಫೆಸರು ಈ ಕೌದಿಗಳನ್ನು ನೋಡಿ ಮರುಳಾಗಿ, 2004ರಲ್ಲಿ ಸಿದ್ದಿ ಹೆಂಗಸರ ಕೌದಿ ಸಹಕಾರಿಯೊಂದಕ್ಕೆ ಕೈಜೋಡಿಸಿದರು. ಕೌದಿಗಳು ಅಮೆರಿಕಕ್ಕೆ ಹೋಗಿ ಪ್ರದರ್ಶನದ ಗೋಡೆ ಏರಿದವು. ಈ ಸುದ್ದಿ ಹೇಳಿ ಹೆಂಡತಿಯನ್ನು ಹುರಿದುಂಬಿಸಲು ನೋಡಿದೆ. "ಗ್ವಾಡಿಗೆ ಹಾಕಿದ್ರ ಹೊಚಗೊಳ್ಳೂದೇನು?" ಎಂದು ಕೇಳಿದಳು. ನಮ್ಮಲ್ಲಿಗೆ ಬರುವ ಸಿದ್ದಿ ಅಕ್ಕ ಒಬ್ಬರು ಹೆಂಡತಿಯ ಮೊದಲ ಕೌದಿಯ ಬೋಳು ಮೂಲೆಗಳನ್ನು ನೋಡಿದವರೇ ಕೆಳಗೆ ಕೂತು ನಾಲ್ಕು ಫೂಲ ಹಚ್ಚಿಕೊಟ್ಟು ಹೋದರು. ಕೂಲಿ ಕೇಳಲಿಲ್ಲ. ಅಂದಿನಿಂದ ನಮ್ಮ ಉದ್ಯಮದ ಗುಣಮಟ್ಟ ನಿಯಂತ್ರಣ ಅವರ ಕೈಯಲ್ಲಿದೆ.

ಹೀಗೆ ಒಬ್ಬಾಕೆಯ ಉದ್ಯಮಕ್ಕೆ ಖಾತೆಗೊಬ್ಬರಂತೆ ಮಂತ್ರಿಗಳು ಹುಟ್ಟಿಕೊಂಡರು. ಗೃಹಖಾತೆ ಆಯಿಯದು. ಒಮ್ಮೆ ಲಗ್ನದ ಸೀಸನ್ನಿನಲ್ಲಿ ಒಬ್ಬರು ಸಿಟ್ಟಿನಿಂದ ಬಂದು, ಜಂಪರ್ ಬಿಗಿಯಾಗಿದೆ, ಅಳತೆಯೇ ತಪ್ಪಿದೆ ಎಂದು ಸಿಡಿದರು. ಹೆಂಡತಿ ಟೇಪು ಹಿಡಿದು ಎದ್ದಳು. ಆಯಿ ಸೂಜಿಯಿಂದ ಕಣ್ಣೆತ್ತದೆ ತೀರ್ಪು ಕೊಟ್ಟಳು: "ಜಂಪರ್ ಬರೋಬರಿ ಐತಿ. ನೀನ ದಪ್ಪ ಆಗೀದಿ." ಪಡಸಾಲೆಯಲ್ಲಿ ಒಂದು ಕ್ಷಣ ಫ್ಯಾನಿನ ಸದ್ದಷ್ಟೇ. ಆಮೇಲೆ ಸಿಟ್ಟಾದವರೇ ಮೊದಲು ನಕ್ಕರು, ಕೂತರು, ಚಹಾ ಕುಡಿದರು, ಹೊಲಿಗೆ ಬಿಚ್ಚಿಸಿಕೊಂಡು ಹೋದರು. ಇದೇ ಮಾತನ್ನು ಮಾಲೀಕಳು ಹೇಳಿದ್ದರೆ ಅಂಗಡಿ ಮುಚ್ಚುತ್ತಿತ್ತು. ನಾನು ಹೇಳಿದ್ದರೆ ನನ್ನನ್ನೇ ಮುಚ್ಚುತ್ತಿದ್ದರು.

ಹಣಕಾಸು ಖಾತೆ ಗೌಳಿ ಮಾವಶಿಯದು. ನಮ್ಮಲ್ಲಿ ಉದ್ರಿ ಇಲ್ಲದೆ ವ್ಯಾಪಾರವಿಲ್ಲ. ಸುತ್ತಲ ಹಳ್ಳಿಗಳಲ್ಲಿ ಕಬ್ಬು, ಊರಲ್ಲಿ ಸಕ್ಕರೆ ಕಾರ್ಖಾನೆ. ಹಾಗಾಗಿ "ಕಬ್ಬಿನ ಬಿಲ್ ಬಂದ ಮ್ಯಾಲ ಕೊಡ್ತೇನಿ ಅಕ್ಕಾರ" ಎಂಬುದು ಇಲ್ಲಿ ಬ್ಯಾಂಕ್ ಗ್ಯಾರಂಟಿಯಷ್ಟೇ ಗಟ್ಟಿ. ಬಿಲ್ ಬಂತೋ ಇಲ್ಲವೋ ಎಂಬುದು ಮನೆಮನೆಗೆ ಹಾಲು ಹಾಕುವ ಮಾವಶಿಗೆ ತಿಳಿದಷ್ಟು ಬೇರೆ ಯಾರಿಗೂ ತಿಳಿಯದು. "ನಿನ್ನಿ ಅವ್ರ ಮನ್ಯಾಗ ಹೊಸಾ ಮಿಕ್ಸರ್ ಬಂದೈತಿ" ಎಂದು ಆಕೆ ಗಾಳಿಗೆ ಹೇಳಿದಂತೆ ಹೇಳುತ್ತಾಳೆ. ಎರಡು ದಿನದೊಳಗೆ ಬಾಕಿ ಬಂದು ಬೀಳುತ್ತದೆ. ನಾನು ಕಚೇರಿಯಿಂದ ಕಳಿಸುತ್ತಿದ್ದ ನೋಟೀಸಿಗೆ ಆ ಶಕ್ತಿ ಇರಲಿಲ್ಲ, ರಿಜಿಸ್ಟರ್ಡ್ ಪೋಸ್ಟ್ ಮಾಡಿದರೂ.

ವಿದೇಶಾಂಗ ಖಾತೆ ಬಹುಭಾಷಿಕ. ಹಳಿಯಾಳದ ಪಡಸಾಲೆಯೆಂದರೆ ಕನ್ನಡದಲ್ಲಿ ಶುರುವಾದ ವಾಕ್ಯ ಮರಾಠಿಯಲ್ಲಿ ತಿರುಗಿ, ಕೊಂಕಣಿಯಲ್ಲಿ ಚಹಾ ಕುಡಿದು, ಉರ್ದುವಿನಲ್ಲಿ ನಗುತ್ತದೆ. ನನ್ನ ಬಗ್ಗೆ ಮಾತಾಡುವಾಗ ಮಾತ್ರ ಎಲ್ಲರೂ ಒಗ್ಗಟ್ಟಾಗಿ ಮರಾಠಿಗೆ ಹೊರಳುತ್ತಾರೆ. ಇದೇ ಊರಲ್ಲಿ ಹುಟ್ಟಿದವನಿಗೆ ಮರಾಠಿ ಬಾರದೇ? ಬಾರದವನಂತೆ ಪೇಪರಿನಲ್ಲಿ ಮುಖ ಮುಚ್ಚಿಕೊಳ್ಳುತ್ತೇನೆ. "ಬಿಚಾರಾ" ಎಂಬ ಪದ ಪದೇಪದೇ ತೇಲಿಬರುತ್ತದೆ. ಗಂಡಸಿಗೆ ಈ ವಯಸ್ಸಿನಲ್ಲಿ ಅಷ್ಟಾದರೂ ಕನಿಕರ ಸಿಗುವುದು ಭಾಗ್ಯವೇ.

ಬೆಲೆ ತೆರುತ್ತಿರುವವನೂ ನಾನೇ. ನಾಲ್ಕು ಕುರ್ಚಿಗಳಲ್ಲಿ ನನ್ನದು ಮೊದಲು ಹೋಯಿತು. ಊರಲ್ಲೇ ಸಕ್ಕರೆ ಕಾರ್ಖಾನೆ ಇದ್ದರೂ ನಮ್ಮ ಮನೆಯ ಚಹಾಕ್ಕೆ ಸಕ್ಕರೆ ಸಾಲದು, ಕಿರಾಣಿಗೆ ಓಡುವವನು ನಾನು. ನನ್ನ ಅಂಗಿಯ ಎರಡನೇ ಗುಂಡಿ ಬಿದ್ದು ಕಾಲವಾಯಿತು. ಕೇಳಿದರೆ ಪಾಳಿಗೆ ಬರಬೇಕು ಎನ್ನುತ್ತಾಳೆ. ಪಾಳಿಯಲ್ಲಿ ನನಗಿಂತ ಮುಂದೆ ಗ್ಯಾಸಿನ ಹುಡುಗನಿದ್ದಾನೆ.

ಎಲ್ಲಕ್ಕಿಂತ ದೊಡ್ಡ ತ್ಯಾಗ ಶಾಲಿನದು. ನಿವೃತ್ತಿಯ ದಿನ ಕಚೇರಿಯಲ್ಲಿ ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು, ಜರಿಯಂಚಿನ ಶಾಲು ಹೊದಿಸಿದ್ದರು. ನನ್ನ ಸೇವೆಗೆ ಉಳಿದ ಸಾಕ್ಷಿ ಅದೊಂದೇ. ಟ್ರಂಕಿನಲ್ಲಿ ಹುಡುಕಿದರೆ ಇಲ್ಲ. ವಿಚಾರಿಸಿದಾಗ ಹೆಂಡತಿ ನೆನಪಿಸಿಕೊಂಡು ಹೇಳಿದಳು, "ಮುಂಡಗೋಡದವರ ಕೌದ್ಯಾಗ ಒಂದ ಪದರ ಕಮ್ಮಿ ಬಿದ್ದಿತ್ತು. ಮೆತ್ತಗ ಐತಿ ಅಂತ ಒಳಗ ಹಾಕೇನಿ." ಈಗ ಮುಂಡಗೋಡದ ಯಾವುದೋ ಮನೆಯಲ್ಲಿ, ಮೂರನೇ ಪದರದಲ್ಲಿ, ನನ್ನ ಸನ್ಮಾನವನ್ನು ಹಾಸಿಕೊಂಡು ಯಾರೋ ಗೊರಕೆ ಹೊಡೆಯುತ್ತಿದ್ದಾರೆ. ಸರ್ವಿಸಿನಲ್ಲಿ ಎಷ್ಟೋ ಜನರ ನಿದ್ದೆ ಕೆಡಿಸಿದವನ ಶಾಲು ಕೊನೆಗೆ ಒಬ್ಬರಿಗಾದರೂ ನಿದ್ದೆ ತಂದಿತಲ್ಲ ಎಂದು ಸಮಾಧಾನ ಮಾಡಿಕೊಂಡಿದ್ದೇನೆ.

ಮುಂಬೈಯ ಗಿರಗಾಂವಿನಲ್ಲಿ 1959ರ ಮಾರ್ಚ್ 15ರಂದು ಏಳು ಮಂದಿ ಹೆಂಗಸರು 80 ರೂಪಾಯಿ ಸಾಲ ತಂದು ತಮ್ಮ ಕಟ್ಟಡದ ಮಹಡಿಯ ಮೇಲೆ ಹಪ್ಪಳ ಲಟ್ಟಿಸಲು ಕೂತರು. ಅದು ಬೆಳೆದು ಲಿಜ್ಜತ್ ಆಯಿತು. ಅಲ್ಲಿ ದುಡಿಯುವವರೆಲ್ಲ ಇಂದಿಗೂ ಪರಸ್ಪರ ಸಹೋದರಿಯರು, ಎಲ್ಲರೂ ಪಾಲುದಾರರು. ಈ ಕಥೆಯನ್ನು ಎಷ್ಟೋ ಕಡೆ ಓದಿದ್ದೇನೆ. ಆ ಏಳು ಮಂದಿಯ ಗಂಡಂದಿರು ಆ ದಿನ ಎಲ್ಲಿ ನಿಂತು ಪೇಪರ್ ಓದುತ್ತಿದ್ದರೆಂದು ಒಬ್ಬ ಇತಿಹಾಸಕಾರನೂ ಬರೆದಿಲ್ಲ.

ನಮ್ಮದು ಲಿಜ್ಜತ್ ಆಗುವುದಿಲ್ಲ, ಹೆಂಡತಿಗೆ ಆ ಆಸೆಯೂ ಇಲ್ಲ. ಆದರೆ ಕಳೆದ ಮಳೆಗಾಲದಲ್ಲಿ ಆಕೆ ಜ್ವರ ಬಂದು ಮಲಗಿದಾಗ ಈ ಮಂತ್ರಿಮಂಡಲ ಮಾಡಿದ ಕೆಲಸ ಹೇಳಬೇಕು. ಅಂಗಡಿಗೆ ರಜೆ ಎಂದು ಬೋರ್ಡ್ ಬರೆಯಲು ನಾನು ಸುಣ್ಣದಕಡ್ಡಿ ಹುಡುಕುತ್ತಿದ್ದೆ. ಅಷ್ಟರಲ್ಲಿ ಶಾಲೆಯ ಬಾಯಿಯವರು ಸಂಜೆಗೆ ಬಂದು ಮಷೀನಿಗೆ ಕೂತರು. ಕಾಲೇಜು ಹುಡುಗಿ ಹುಕ್ಕ ಹಚ್ಚಿದಳು. ಮಾವಶಿ ಗಂಜಿ ತಂದಳು. ಆಯಿ ಬಂದವರಿಗೆಲ್ಲ "ಆಕಿಗೆ ಆರಾಮಿಲ್ಲ, ನಾಡದ ಬಾ" ಎಂದು ಹೇಳಿ ಕೈಗೆ ಸೂಜಿ ಕೊಟ್ಟಳು. ಒಂದು ಆರ್ಡರೂ ತಪ್ಪಲಿಲ್ಲ. ಸೂಜಿಗೆ ದಾರ ಪೋಣಿಸುವ ಹೊಣೆಯನ್ನು ನನಗೂ ಕೊಟ್ಟರು. ಕನ್ನಡಕ ಹಾಕಿಕೊಂಡು, ದಾರದ ತುದಿ ನೆಕ್ಕಿ, ಮೂರನೇ ಯತ್ನಕ್ಕೆ ಪೋಣಿಸಿದಾಗ ಆಯಿ "ಶಾಣ್ಯಾ ಅದಾನ" ಎಂದಳು. ಕನ್ನಡದಲ್ಲೇ ಹೇಳಿದಳು. ನಾನು ಒಳಗಿನವನಾದೆ.

ಒಬ್ಬರೇ ಒಂದು ಅಂಗಡಿ ತೆರೆದು ಸುತ್ತ ಜನ ಕಟ್ಟಬೇಕೆನ್ನುವವರಿಗೆ ಇಷ್ಟು ಹೇಳಬಲ್ಲೆ. ರಿಯಾಯಿತಿಗೆ ಬಂದವರು ಮುಂದಿನ ರಿಯಾಯಿತಿಗೆ ಇನ್ನೊಂದು ಅಂಗಡಿಗೆ ಹೋಗುತ್ತಾರೆ. ತಮ್ಮ ಕೈಯ ನಾಲ್ಕು ಹೊಲಿಗೆ ಬಿದ್ದ ಜಾಗ ಬಿಟ್ಟು ಯಾರೂ ಹೋಗುವುದಿಲ್ಲ. ಅವರಿಗೆ ಮಾಡಲು ಸ್ವಲ್ಪ ಕೆಲಸ ಉಳಿಸಿಡಿ, ಹೇಳಲು ಸ್ವಲ್ಪ ಅಧಿಕಾರ ಬಿಡಿ, ಚಹಾದ ಖರ್ಚನ್ನು ಲೆಕ್ಕಕ್ಕೆ ಹಿಡಿಯಬೇಡಿ. ನಿಮ್ಮ ಮನೆಯಲ್ಲಿ ನಿವೃತ್ತ ಗಂಡ ಇದ್ದರೆ ಕಾರ್ಡು ಮಾಡಲು ಬಿಡಬೇಡಿ, ಸಕ್ಕರೆ ತರಲು ಕಳಿಸಿ. ಕೌದಿ ಹೊಲಿಸುವುದಿದ್ದರೆ ಹಳೇ ಸೀರೆಯ ಗಂಟು ಕಟ್ಟಿಕೊಂಡು ಹಳಿಯಾಳಕ್ಕೆ ಬನ್ನಿ, ಟೇಲರ್‌ಬಾಯಿ ಮನೆ ಎಂದರೆ ಯಾರಾದರೂ ತೋರಿಸುತ್ತಾರೆ. ಬರುವಾಗ ಒಂದು ಪದರ ಹೆಚ್ಚಿಗೇ ತನ್ನಿ. ನನ್ನ ಹತ್ತಿರ ಇನ್ನು ಕೊಡಲು ಉಳಿದಿರುವುದು ಮದುವೆಯ ಕೋಟು ಒಂದೇ.