ಉದ್ರಿ ಮಳೆ

ಶ್ರಾವಣ ಬಂತೆಂದರೆ ದಾವಣಗೆರೆಯ ಆನೆಕೊಂಡದಲ್ಲಿ ಎರಡೇ ಮಾತು: ಬಸವೇಶ್ವರನ ಕಾರ್ಣಿಕದಲ್ಲಿ ಏನು ಭವಿಷ್ಯ ನುಡಿಯಾಗುತ್ತದೆ, ಭದ್ರಾ ಡ್ಯಾಂ ತುಂಬಿ 186 ಅಡಿ ಮುಟ್ಟುತ್ತದೋ ಇಲ್ಲವೋ. ಎರಡಕ್ಕೂ ಉತ್ತರ ಸಿಗದೆ ಸುಮ್ಮನೆ ನಡೆಯುತ್ತಿದ್ದೆ. ರಸ್ತೆ ಬದಿಯ ಥರ್ಮಾಕೋಲ್ ಪೆಟ್ಟಿಗೆಯೊಳಗಿಂದ ಯಾರೋ ಕೆಮ್ಮಿದರು. ಮೀನು ತಿನ್ನುವವರೂ ಬಾಯಿ ಕಟ್ಟಿದ ತಿಂಗಳು. ವ್ಯಾಪಾರಿ ಮೊಬೈಲಿನಲ್ಲಿ ಮುಳುಗಿದ್ದ. ಮಲ್ಪೆಯಿಂದ ರಾತ್ರೋರಾತ್ರಿ ಘಟ್ಟ ಹತ್ತಿ ಬಂದ ಬೂತಾಯಿ ಮೀನಿಗೂ ಕೆಲಸವಿರಲಿಲ್ಲ, ನನಗೂ ಇರಲಿಲ್ಲ. ಸಂದರ್ಶನಕ್ಕೆ ಅಷ್ಟು ಸಾಕು.

ನಾನು: ನಮಸ್ಕಾರ್ರೀ. ಭೂತಾಯಿ ಅಂದ್ರೆ ನಮ್ಮ ಕಡೆ ಹೊಲದವ್ವ. ಸೀಗೆ ಹುಣ್ಣಿಮೆಗೆ ಚರಗ ಚೆಲ್ಲಿ ಪೂಜೆ ಮಾಡ್ತೀವಿ. ಮೀನಾಗಿ ಆ ಹೆಸರು ಹೆಂಗ ಇಟ್ಕೊಂಡ್ರಿ?

ಬೂತಾಯಿ: ನಾನು ಇಟ್ಟುಕೊಂಡದ್ದಲ್ಲ ಮಾರಾಯ್ರೆ. ತುಳುವಿನಲ್ಲಿ ಬೂತಾಯಿ, ಕಾರವಾರದ ಕಡೆ ತಾರ್ಲೆ. ಘಟ್ಟ ಹತ್ತುವಾಗ ಯಾರೋ ಒಂದು ಮಹಾಪ್ರಾಣ ಸೇರಿಸಿದರು, ನಾನು ದೇವಿಯಾದೆ. ರೇಟು ಮಾತ್ರ ಏರಲಿಲ್ಲ.

ನಾನು: ಸಮುದ್ರ ಬಿಟ್ಟು ಇಷ್ಟು ದೂರ ಬಂದೀರಿ. ನಮ್ಮೂರು ಹೊಸದಲ್ಲೇನು?

ಬೂತಾಯಿ: ನನಗೆ ಹೊಸದು. ನನ್ನ ಸಮುದ್ರಕ್ಕೆ ಹಳೇದು, ಅದು ವರ್ಷವೂ ಬರ್ತದೆ. ನಿಮ್ಮ ಭದ್ರಾ ನಾಲೆಯಲ್ಲಿ ಹರಿಯುವುದು ಎಂತ ಅಂದ್ಕೊಂಡಿದ್ದೀರಿ? ಉಪ್ಪು ತೆಗೆದ ಅರಬ್ಬಿ ಸಮುದ್ರ. ಗಂಗಾಮೂಲದಲ್ಲಿ ಸುರಿದು, ಲಕ್ಕವಳ್ಳಿಯಲ್ಲಿ ನಿಂತು, ನಿಮ್ಮ ಭತ್ತದ ಗದ್ದೆಗೆ ಬಂದದ್ದು. ಸುಳ್ಳು ಹೇಳಬಾರದು, ಬಂಡವಾಳ ಪೂರ್ತಿ ನಮ್ಮದಲ್ಲ. ಭೂಮಧ್ಯರೇಖೆಯ ಆಚೆಯಿಂದಲೂ ಗಾಳಿ ಒಂದಷ್ಟು ಹೊತ್ತು ತರ್ತದೆ.

ನಾನು: ಭಾಳ ಉಪಕಾರ ಆತು.

ಬೂತಾಯಿ: ಉಪಕಾರ ಯಾರಿಗೆ ಬೇಕು, ನೀರು ವಾಪಸು ಕೊಡಿ. ನಿಮ್ಮದು ವ್ಯಾಪಾರದ ಊರು, ಉದ್ರಿ ಖಾತೆ ಅಂದರೆ ಗೊತ್ತುಂಟಲ್ಲ? ನೀರು ತರುವುದು ಅರಬ್ಬಿಯಿಂದ. ಬಳಸಿ ಮಿಕ್ಕಿದ್ದನ್ನು ತುಂಗಭದ್ರೆಗೆ ಬಿಟ್ಟು, ಹರಿಹರ ದಾಟಿಸಿ, ಕೃಷ್ಣೆಯ ಕೈಗೆ ಕೊಟ್ಟು, ಆಂಧ್ರದ ಹಂಸಲದೀವಿಯಲ್ಲಿ ಬಂಗಾಳ ಕೊಲ್ಲಿಗೆ ಜಮಾ. ಸಾಲ ಒಂದು ಅಂಗಡಿಯಲ್ಲಿ, ಪಾವತಿ ಇನ್ನೊಂದರಲ್ಲಿ! ದೊಡ್ಡ ಹೊಳೆಗಳು ಹೆಚ್ಚಿನವು ಅಲ್ಲಿಗೇ ಹೋಗಿ ಅವರ ನೀರು ಸಪ್ಪೆ, ನಮ್ಮದು ಉಪ್ಪುಪ್ಪು.

ನಾನು: ನೆಲದ ಇಳಿಜಾರು ಹಂಗೈತಿ. ನಮ್ಮ ಕೈಯಾಗ ಏನೈತ್ರೀ?

ಬೂತಾಯಿ: ಸಾಲಗಾರರು ಹೇಳುವುದೇ ಹಾಗೆ. ನಿಮ್ಮ ಹರಿಹರೇಶ್ವರನನ್ನು ಕೇಳಿ. ಅವನಲ್ಲಿ ಅರ್ಧ ಹರಿ, ಹರಿಯ ಮೊದಲ ಅವತಾರ ನಮ್ಮ ಕುಲದ್ದು. ನ್ಯಾಯ ಹೇಳಿಯಾನು, ಅರ್ಧವಾದರೂ.

ನಾನು: ಸರ್ಕಾರ ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿ ಬಂದ್ ಮಾಡ್ತೈತಲ್ಲ. 61 ದಿನ ನಿಮಗೆ ರಜ.

ಬೂತಾಯಿ: ರಜೆಯಾ! ಅದು ನಮ್ಮ ಹೆರಿಗೆ ಕಾಲ. ಊಟದ ಕಾಲವೂ ಅದೇ. ಮಳೆಗಾಲದ ಗಾಳಿ ಬಡಗಿನಿಂದ ತೆಂಕಿಗೆ ಕರೆಗುಂಟ ಬೀಸುವಾಗ ಮೇಲಿನ ನೀರು ಅದರ ಜೊತೆ ನೆಟ್ಟಗೆ ಹೋಗುವುದಿಲ್ಲ. ಭೂಮಿ ತಿರುಗುತ್ತಾ ಉಂಟಲ್ಲ, ಅದಕ್ಕೆ ಬಲಕ್ಕೆ, ಆಳಕಡಲಿನ ಕಡೆಗೆ ಸರೀತದೆ. ತೆರವಾದ ಜಾಗಕ್ಕೆ ಅಡಿಯ ತಣ್ಣೀರು ಏಳ್ತದೆ. ಸಾರಿನ ಪಾತ್ರೆಗೆ ಸೌಟು ಹಾಕಿ ತಳ ಕೆದಕಿದ ಹಾಗೆ, ಕೆಳಗೆ ಕೂತ ಸತ್ವವೆಲ್ಲ ಮೇಲೆ. ಅದಕ್ಕೆ ಬಿಸಿಲು ಬಿದ್ದರೆ ಡಯಾಟಮ್ ಅಂತ ಕಣ್ಣಿಗೆ ಕಾಣದ ಪಾಚಿ ಹುಲುಸಾಗಿ ಬೆಳೀತದೆ. ನಾವು ಬಾಯಿ ತೆರೆದು ಈಜಿದರೆ ಆಯ್ತು, ಕಿವಿರಿನ ಜರಡಿಯಲ್ಲಿ ಊಟ ನಿಲ್ತದೆ.

ನಾನು: ಉತ್ತಿಲ್ಲ, ಬಿತ್ತಿಲ್ಲ. ಪುಣ್ಯವಂತರು.

ಬೂತಾಯಿ: ಪೂರ್ತಿ ಕೇಳಿ. ಇದು ಶುರುವಾಗುವುದು ಕನ್ಯಾಕುಮಾರಿಯ ಕಡೆ. ಕೇರಳದಲ್ಲಿ ಜೋರು, ಬಡಗಿಗೆ ಬಂದ ಹಾಗೆ ತೆಳು. ನಾವು ಕರ್ನಾಟಕದವರು ಕೊನೆ ಭಾಗ.

ಕೊನೆ ಭಾಗ! ನಾಲೆಯ ಕೊನೆ ಭಾಗದವರ ಪಾಡನ್ನು ದಾವಣಗೆರೆಯವನಿಗೆ ಯಾರೂ ಬಿಡಿಸಿ ಹೇಳಬೇಕಿಲ್ಲ. ಮೊದಲ ಸಲ ಮೀನಿನ ಮೇಲೆ ನನಗೆ ಸ್ವಜನಪ್ರೇಮ ಉಕ್ಕಿತು. ರಸ್ತೆ ತಡೆ ಮಾಡ್ರಿ ಎಂದೆ.

ಬೂತಾಯಿ: ಯಾವ ರಸ್ತೆ ಮಾರಾಯ್ರೆ? ಇನ್ನೊಂದು ಉಂಟು. ಮೇಲೆ ಬರುವ ಆ ನೀರಿನಲ್ಲಿ ಸತ್ವ ಉಂಟು, ಉಸಿರಿಲ್ಲ. ಅರಬ್ಬಿಯ ನಡು ಆಳದಲ್ಲಿ, ಸುಮಾರು 150 ಮೀಟರಿನಿಂದ 1000 ಮೀಟರಿನವರೆಗೆ, ಆಮ್ಲಜನಕ ಬಹಳ ಕಮ್ಮಿ. ಮಳೆಗಾಲ ಮುಗಿಯುವಾಗ ಉಸಿರಿಲ್ಲದ ನೀರು ಕರೆಯ ಹತ್ತಿರ ತೆವಳಿ ಬಂದರೆ ತಳದವರು ಗಂಟುಮೂಟೆ ಕಟ್ಟಬೇಕು. ನಾವು ಮೇಲಿನ ತೆಳು ಪದರದಲ್ಲಿ ಒತ್ತಿಕೊಳ್ತೇವೆ. ಅಲ್ಲಿ ಪರ್ಸೀನ್ ಬಲೆ ಕಾಯ್ತಾ ಉಂಟು.

ನಾನು: ಕೊಚ್ಚಿಯ ಕೇಂದ್ರೀಯ ಕಡಲ ಮೀನುಗಾರಿಕೆ ಸಂಶೋಧನಾ ಸಂಸ್ಥೆ ಲೆಕ್ಕದಾಗ 2012ರಲ್ಲಿ ಕೇರಳ ಒಂದರಾಗೇ ನೀವು 3.9 ಲಕ್ಷ ಟನ್ ಸಿಕ್ಕಿದ್ರಿ. 2021ಕ್ಕೆ ಬರೇ 3,297 ಟನ್. ಎಲ್ಲಿ ಹೋಗಿದ್ರಿ?

ಬೂತಾಯಿ: ನಮ್ಮ ಆಯುಷ್ಯ ಎರಡು, ಎರಡೂವರೆ ವರ್ಷ. 2012 ಅಂದರೆ ನಮಗೆ ಪುರಾಣ. ಕೇಳಿದ್ದು ಹೇಳ್ತೇನೆ. ಸಿಕ್ಕಿತು ಅಂತ ಮರಿ ಸಮೇತ ಬಾಚಿದರು. ಮೇಲಿಂದ 2015ರ ಎಲ್ ನಿನೊ. ನೀರು ಕಾದರೆ ಮೇವು ಕಮ್ಮಿ, ಮೊಟ್ಟೆ ಕಮ್ಮಿ. ಎರಡು ಮಳೆಗಾಲ ಕೈಕೊಟ್ಟರೆ ನಮ್ಮದು ಒಂದು ತಲೆಮಾರೇ ಖಾಲಿ. 2023ರಲ್ಲಿ ಅದೇ ಎಲ್ ನಿನೊ ಬಂದಾಗ ನಿಮ್ಮ ಭದ್ರಾ ತುಂಬಲಿಲ್ಲ, ನಾಲೆ ನೀರಿಗೆ ನೀವು ಬೀದಿಗಿಳಿದ್ರಿ. ನಾವು ಇಳಿದರೆ ಆಳಕ್ಕೆ, ಅಲ್ಲಿ ಉಸಿರಿಲ್ಲ ಅಂತ ಈಗಷ್ಟೇ ಹೇಳಿದೆ.

ನಾನು: ಅಷ್ಟು ಲಕ್ಷ ಟನ್ ಜನ ತಿಂದ್ರೇನು?

ಬೂತಾಯಿ: ಎಲ್ಲಿಯ ಜನ! ಎಷ್ಟೋ ಪಾಲು ಫಿಶ್‌ಮೀಲ್ ಕಾರ್ಖಾನೆಗೆ. ಎಣ್ಣೆ ಹಿಂಡಿ, ಒಣಗಿಸಿ, ಪುಡಿ ಮಾಡಿ ಸಿಗಡಿಗೆ, ಕೋಳಿಗೆ. ನಿಮ್ಮ ಜಿಲ್ಲೆಯ ಮೆಕ್ಕೆಜೋಳವೂ ಕೋಳಿ ಆಹಾರದ ಚೀಲಕ್ಕೇ ಹೋಗುವುದಲ್ವಾ? ಅಲ್ಲಿ ನಮ್ಮದೂ ನಿಮ್ಮದೂ ಬೀಗತನ. ನೀವು ಕೋಳಿ ತಿಂತೀರಾ?

ನಾನು: ಶಾಖಾಹಾರಿ.

ಬೂತಾಯಿ: ಕೇಕು?

ಈ ಪ್ರಶ್ನೆಯನ್ನು ದಾಖಲೆಯಿಂದ ಕೈಬಿಡಲಾಗಿದೆ.

ನಾನು: ಹೋಗ್ಲಿ, ಕಾರ್ಣಿಕದಂಗ ಒಂದು ಮಾತು ನುಡೀರಿ. ಮುಂದಿನ ವರ್ಷ ಮಳೆ ಹೆಂಗ?

ಬೂತಾಯಿ: ಕಾರ್ಣಿಕಕ್ಕೆ ಒಂದು ಅನುಕೂಲ ಉಂಟು, ನುಡಿಯುವವರು ಒಬ್ಬರು, ಅರ್ಥ ಹೇಳುವವರು ನೂರು. ಮಳೆ ಬಂದರೂ ಹೊಂದ್ತದೆ, ಸರ್ಕಾರ ಬಿದ್ದರೂ ಹೊಂದ್ತದೆ. ನನಗೆ ಆ ಸೌಕರ್ಯ ಇಲ್ಲ. ನನ್ನ ಸಮುದ್ರ ಬಿಸಿಯಾಗ್ತಾ ಉಂಟು, ಅಷ್ಟು ಬರ್ಕೊಳ್ಳಿ. ಅರ್ಥ ನೀವೇ ಹೇಳಿಕೊಳ್ಳಿ.

ಅಷ್ಟರಲ್ಲಿ ವ್ಯಾಪಾರಿ ಎದ್ದು ಪೆಟ್ಟಿಗೆಯ ಒಂದು ಮೂಲೆ ಎತ್ತಿದ. ಮಲ್ಪೆಯಲ್ಲಿ ತುಂಬಿದ ಐಸು ಕರಗಿ ಚರಂಡಿಗೆ ಇಳಿಯಿತು.

ಬೂತಾಯಿ: ಆ ನೀರು ಎಲ್ಲಿಗೆ ಹೋಗ್ತದೆ?

ನಾನು: ಚರಂಡಿ... ಹಳ್ಳ... ಆಮೇಲೆ ತುಂಗಭದ್ರಾ...

ಬೂತಾಯಿ: ನಿಲ್ಲಿಸಿದ್ದೆಂತಕ್ಕೆ? ಹೇಳಿ. ಐಸು ಕೂಡ ಬಂಗಾಳದವರ ಖಾತೆಗೆ!