ಸರ್ವಸಮ್ಮತಿ ಮೀಮಾಂಸೆ: ಬಳ್ಳಾರಿ ಖಂಡ

‘ಊರಿಗೆ ಊರೇ ನಮ್ಮ ಕಡೆ’ ಎಂಬ ಸಿದ್ಧಾಂತದ ಕರ್ತೃ ಯಾರೆಂಬುದು ಇತ್ಯರ್ಥವಾಗಿಲ್ಲ. ಎಲ್ಲ ಪಕ್ಷದವರೂ ತಾವೇ ಎನ್ನುತ್ತಾರೆ. ಅದರ ಮೂಲಪೀಠ ಮಾತ್ರ ಬಳ್ಳಾರಿಯ ಒಗ್ಗರಣಿ-ಮಿರ್ಚಿ ಅಂಗಡಿ. ಪ್ರಮಾಣಗಳು ಮೂರು.

ಮೊದಲನೆಯದು ಶಬ್ದ. ಸಿದ್ಧಾಂತಿ ಬಿಸಿ ಮಿರ್ಚಿ ಮುರಿಯುತ್ತ, “ಏನಣ್ಣ, ಈ ಸಲ ನಮ್ದೇ ಅಲ್ಲೇನು?” ಎನ್ನುತ್ತಾನೆ. ಎದುರಿನವನ ಬಾಯ್ತುಂಬ ಮಂಡಕ್ಕಿ, ತಲೆಯಾಡಿಸುತ್ತಾನೆ. ಒಂದು ಮತ ಜಮಾ! ಅದೇ ತಲೆ ಹತ್ತು ನಿಮಿಷದ ಹಿಂದೆ ಎದುರು ಪಾರ್ಟಿಯವನಿಗೂ ಆಡಿತ್ತೆಂಬುದು ಶಾಸ್ತ್ರದಲ್ಲಿ ಅಪ್ರಸ್ತುತ.

ಎರಡನೆಯದು ಪ್ರತ್ಯಕ್ಷ, ಅಂದರೆ ಸಭೆಗೆ ಸೇರಿದ ಜನ. 1999ರ ಲೋಕಸಭಾ ಚುನಾವಣೆಯಲ್ಲಿ ಬಿಜೆಪಿಯ ಸುಷ್ಮಾ ಸ್ವರಾಜ್ ಕನ್ನಡ ಕಲಿತು ಭಾಷಣ ಮಾಡಿದರು. ಚಪ್ಪಾಳೆಗೆ ಬರವಿರಲಿಲ್ಲ, ಗೆದ್ದವರು ಸೋನಿಯಾ ಗಾಂಧಿ. ‘ಬಳ್ಳಾರಿ ಎಂದೆಂದಿಗೂ ಕಾಂಗ್ರೆಸ್ಸಿನದು’ ಎಂದು ಆಗ ನಿಟ್ಟುಸಿರು ಬಿಟ್ಟ ಪಂಡಿತರು 2004ರಲ್ಲಿ ಬಿಜೆಪಿಯ ಕರುಣಾಕರ ರೆಡ್ಡಿಯವರ ಮೆರವಣಿಗೆ ನೋಡಬೇಕಾಯಿತು.

ಮೂರನೆಯದು ಅನುಮಾನ: ಹೊಗೆಯಿದ್ದಲ್ಲಿ ಬೆಂಕಿ, ಗೆದ್ದಲ್ಲಿ ಮತ್ತೆ ಗೆಲುವು. 2018ರ ನವೆಂಬರಿನ ಲೋಕಸಭಾ ಉಪಚುನಾವಣೆಯಲ್ಲಿ ಕಾಂಗ್ರೆಸ್ಸಿನ ವಿ.ಎಸ್. ಉಗ್ರಪ್ಪ 2,43,161 ಮತಗಳ ಅಂತರದಿಂದ ಗೆದ್ದರು. 2019ರ ಮೇ ತಿಂಗಳಲ್ಲಿ ಅದೇ ಉಗ್ರಪ್ಪನವರನ್ನು ಬಿಜೆಪಿಯ ದೇವೇಂದ್ರಪ್ಪ ಸೋಲಿಸಿದರು. ಆರೂವರೆ ತಿಂಗಳಲ್ಲಿ ಬೆಂಕಿ ಆರಿ ಹೊಗೆ ಉಳಿಯಿತು.

ಇನ್ನು ವಿಧಾನಸಭೆಗೆ ಬಂದರೆ, ಸಿರುಗುಪ್ಪದಲ್ಲಿ ಸಿದ್ಧಾಂತಿಗಳು ಸರದಿಯ ಮೇಲೆ ಸರಿಯಾಗುತ್ತಾರೆ. 2008ರಲ್ಲಿ ಬಿಜೆಪಿಯ ಸೋಮಲಿಂಗಪ್ಪ, 2013ರಲ್ಲಿ ಕಾಂಗ್ರೆಸ್ಸಿನ ಬಿ.ಎಂ. ನಾಗರಾಜ್, 2018ರಲ್ಲಿ ಮತ್ತೆ ಸೋಮಲಿಂಗಪ್ಪ, 2023ರಲ್ಲಿ ಮತ್ತೆ ನಾಗರಾಜ್. ದೊಡ್ಡಬಸವೇಶ್ವರನ ಕುರುಗೋಡಿನದು ಇನ್ನೂ ಸೂಕ್ಷ್ಮ. ಕ್ಷೇತ್ರ ಮರುವಿಂಗಡಣೆಯಾಗಿ ಕಂಪ್ಲಿಗೆ ಸೇರಿದ ಮೇಲೆ 2008ರಲ್ಲಿ ಸುರೇಶ್ ಬಾಬು ಬಿಜೆಪಿಯಿಂದ ಗೆದ್ದರು, 2013ರಲ್ಲಿ ಅವರೇ ಬಿಎಸ್‌ಆರ್ ಕಾಂಗ್ರೆಸ್ಸಿನಿಂದ. 2018ರಲ್ಲಿ ಕಾಂಗ್ರೆಸ್ಸಿನ ಗಣೇಶ್ ಬಂದರು. ‘ನಮ್ಮ ಕಡೆ’ ಎಂದರೆ ಯಾವ ಕಡೆ ಎಂಬುದಕ್ಕೆ ಇನ್ನೂ ಭಾಷ್ಯ ಬರೆಯಬೇಕಿದೆ.

ಪೂರ್ವಪಕ್ಷದವರು ಆಕ್ಷೇಪಿಸಬಹುದು: ಊರು ಹಾಳಾಗಲಿ, ಮನೆಮಂದಿಯದಾದರೂ ಒಂದೇ ಅಭಿಪ್ರಾಯವಲ್ಲವೇ? 2023ರಲ್ಲಿ ಬಳ್ಳಾರಿ ನಗರದಲ್ಲಿ ಬಿಜೆಪಿಯಿಂದ ಸೋಮಶೇಖರ ರೆಡ್ಡಿ ನಿಂತರೆ, ಎದುರಿಗೆ ಕಲ್ಯಾಣ ರಾಜ್ಯ ಪ್ರಗತಿ ಪಕ್ಷದಿಂದ ಅವರದೇ ಸಹೋದರ ಜನಾರ್ದನ ರೆಡ್ಡಿಯವರ ಪತ್ನಿ ಅರುಣಾ ಲಕ್ಷ್ಮಿ ನಿಂತರು. ಗೆದ್ದವರು ಕಾಂಗ್ರೆಸ್ಸಿನ ಭರತ್ ರೆಡ್ಡಿ. ಆಕ್ಷೇಪ ವಜಾ.

ಹಾಗಾದರೆ ಜನರನ್ನೇ ಕೇಳಿಬಿಡೋಣವೆಂದು ಹೊರಡುವ ಸಂಶೋಧಕರಿಗೊಂದು ಸೂಚನೆ: 1951ರ ಪ್ರಜಾಪ್ರಾತಿನಿಧ್ಯ ಕಾಯ್ದೆಯ 94ನೇ ಕಲಮಿನ ಪ್ರಕಾರ, ಯಾರಿಗೆ ಮತ ಹಾಕಿದಿರೆಂದು ಬಾಯಿಬಿಡುವಂತೆ ಯಾರನ್ನೂ ಬಲವಂತ ಮಾಡುವಂತಿಲ್ಲ.